ಬೇಡದ ದಾರಿ ಅಳಿಸುವ ತುಂಗಾ

ವಡೋದರಾದ ಫತೇಗಂಜ್‌ಗೆ ಹಾಲಿನ ವ್ಯಾನು ಇನ್ನೂ ಬಂದಿಲ್ಲ. ಅರ್ಧ ಎತ್ತಿದ ಶಟರಿನಡಿ ತಲೆ ತಗ್ಗಿಸಿ ಆಫೀಸಿನೊಳಗೆ ಬಂದ ತುಂಗಾ ಚಪ್ಪಲಿ ಬಿಡುವ ಮೊದಲೇ ಫೋನ್ ಹೊಡೆದುಕೊಳ್ಳುತ್ತದೆ. ಸೂರತ್‌ನ ರಕ್ತನಿಧಿಯೊಂದರಿಂದ ಹರೀಶ್. ತುಂಗಾ ಅವರಂತೆ ಹರೀಶ್ ಕೂಡ ಕುಂದಾಪುರದ ಕಡೆಯವರೇ.

“ತುಂಗಕ್ಕ, ದಾನಿಗಳ ಪಟ್ಟಿ ತೆರೀತಾ ಇಲ್ಲ ಮಾರಾಯ್ರೆ. ಹೆರಿಗೆಗೆ ಬಂದ ಹೆಂಗಸಿಗೆ ಓ ನೆಗೆಟಿವ್ ಬೇಕು, ನಮ್ಮಲ್ಲಿ ಒಂದೂ ಇಲ್ಲ. ಯಾರಿಗೆ ಅಂತ ಫೋನ್ ಮಾಡೂದು?”

“ನಿನ್ನೆ ಮಶೀನ್ ರೀಸ್ಟಾರ್ಟ್ ಆಯ್ತಾ?”

“ಆಯ್ತು. ಅದಾದಾಗೆಲ್ಲ ಇದೇ ರಗಳೆ.”

ಪಟ್ಟಿ ಇರುವ ಕಂಪ್ಯೂಟರು ಸೂರತ್‌ನಲ್ಲಿಲ್ಲ. ಎಲ್ಲೋ ದೂರದ ದೊಡ್ಡ ಯಂತ್ರದ ಹೊಟ್ಟೆಯೊಳಗೆ ಬಾಡಿಗೆಗೆ ಹಿಡಿದದ್ದು, ಕೈಯಲ್ಲಿ ಮುಟ್ಟಲಾಗದ್ದು. ಈಚೆಗೆ ಇದಕ್ಕೆ ‘ಕ್ಲೌಡ್’ ಎಂದು ಹೆಸರು. ಗಿರಾಕಿಗಳಿಗೊಂದು ಮುಂಬಾಗಿಲು, ರಿಪೇರಿಯವರಿಗೊಂದು ಹಿಂಬಾಗಿಲು. ಮಶೀನು ರೀಸ್ಟಾರ್ಟ್ ಆಗಿ ಎದ್ದಾಗೆಲ್ಲ ‘ಎಲ್ಲವೂ ಹಿಂದಿನಿಂದಲೇ ಹೋಗಲಿ’ ಎಂಬ ಬೇಡದ ದಾರಿಯೊಂದು ತಾನೇ ಬಂದು ಕೂರುತ್ತದೆ. ಮುಂದಿನಿಂದ ಬಂದ ಪ್ರಶ್ನೆಗೆ ಉತ್ತರ ಹಿತ್ತಲಿನಿಂದ ಹೊರಟು ಕಳೆದೇಹೋಗುತ್ತದೆ. ಅಂಥ ದಾರಿಗಳನ್ನು ಹುಡುಕಿ ಅಳಿಸುವುದೇ ತುಂಗಾ ಅವರ ಕೆಲಸ. ಅಹಮದಾಬಾದು, ವಡೋದರಾ, ಸೂರತ್ ಸೇರಿ ದಿನಕ್ಕೆ ಏಳೆಂಟು ದೂರು.

ತಂದೆ ವೆಂಕಟಾಚಲ ವಡೋದರಾ ಪಕ್ಕದ ಕೊಯಾಲಿಯ ಉಡುಪಿ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದವರು. ಮಗಳು ಈ ಆಫೀಸಿಗೆ ಸೇರಿದ್ದು ಫೋನ್ ಎತ್ತುವುದಕ್ಕೆ. ಬೈಗುಳವನ್ನೂ ಕೇಳಿಸಿಕೊಂಡು, ರಿಪೇರಿಯವರ ಬೆನ್ನ ಹಿಂದೆ ನಿಂತು ನೋಡಿಯೇ ಕೆಲಸ ಕಲಿತರು.

“ಶುರುವಿಗೆ ಒಮ್ಮೆ ನಾನು ಒಳಗೆ ಬಂದ ದಾರಿಯನ್ನೇ ಅಳಿಸಿಬಿಟ್ಟೆ. ಕೂತ ಕೊಂಬೆ ಕಡಿದ ಹಾಗೆ! ಅಹಮದಾಬಾದಿಗೆ ರೈಲು ಹತ್ತಿ ಹೋಗಿ ಸರಿ ಮಾಡಿದ್ದು. ‘ಬಾಗಿಲು ಮುಚ್ಚಿದ ಬೆಹೆನ್ ಬಂದ್ರು’ ಅಂತ ನಗಾಡಿ, ಚಾ ಕೊಟ್ಟರು ಪಾಪ.” ತುಂಗಾ ಈಗಲೂ ಇದನ್ನು ಹೇಳಿ ನಗುತ್ತಾರೆ.

ಬಾಡಿಗೆಯ ಮಶೀನಿನ ಹತ್ತಿರ ರೈಲು ಹತ್ತಿ ಹೋಗಲಾಗುವುದಿಲ್ಲ. ಅದಕ್ಕೇ ಕೈಹಾಕುವ ಮೊದಲು, ‘ಹತ್ತು ನಿಮಿಷಕ್ಕೆ ನೀನೇ ರೀಸ್ಟಾರ್ಟ್ ಆಗು’ ಎಂದು ಅದಕ್ಕೆ ಹೇಳಿಡುತ್ತಾರೆ. ಎಲ್ಲ ಸರಿಹೋದರೆ ಆ ಮಾತು ರದ್ದು. ಎಡವಟ್ಟಾದರೆ ಮಶೀನು ಮಲಗೆದ್ದು ಹಳೆಯ ಸ್ಥಿತಿಗೇ ಬರುತ್ತದೆ, ಮತ್ತೆ ಒಳಗೆ ಹೋಗಬಹುದು.

ಇವತ್ತೂ ಹಾಗೆ ಹೇಳಿಟ್ಟು, ತಾವು ಹೊರಗೆ ಬೀಳದಂತೆ ತಮ್ಮ ಆಫೀಸಿಗೆಂದು ಬೇರೆಯೇ ಕಾಲುದಾರಿ ಬರೆದು, ಬೇಡದ್ದನ್ನು ಅಳಿಸುತ್ತಾರೆ. ಪರದೆ ಕಲ್ಲಾಗುತ್ತದೆ. ಕಾಲುದಾರಿಯಲ್ಲಿ ಒಂದು ಅಂಕಿ ತಪ್ಪಿದೆ.

“ತೆರೀತು ತುಂಗಕ್ಕ, ತೆರೀತು!” ಹರೀಶ್ ಕೂಗುತ್ತಾರೆ.

“ಕುಣೀಬೇಡ ಮಾರಾಯ, ನಾನು ಹೊರಗೆ ಬಿದ್ದಿದ್ದೇನೆ. ಇನ್ನು ರೀಸ್ಟಾರ್ಟ್ ತಡೀಲಿಕ್ಕೆ ನನ್ನಿಂದ ಆಗೂದಿಲ್ಲ. ಅದು ಆದ ಕೂಡ್ಲೇ ನಿನ್ನ ಪಟ್ಟಿ ಮತ್ತೆ ಮುಚ್ತದೆ. ಓ ನೆಗೆಟಿವ್‌ನವರ ನಂಬರ್ ಎಲ್ಲ ಈಗಲೇ ಬರ್ಕೊ. ಬಾಯಿ ಮುಚ್ಚಿ ಬರಿ!”

ಪಟ್ಟಿ ಮುಚ್ಚುವಷ್ಟರಲ್ಲಿ ನಾಲ್ಕು ನಂಬರು ಸಿಕ್ಕಿವೆ. ಹರೀಶ್ ಒಬ್ಬೊಬ್ಬರನ್ನೇ ಎಬ್ಬಿಸಲು ಕೂರುತ್ತಾರೆ. ಇತ್ತ ತುಂಗಾ ಮತ್ತೆ ಒಳಹೊಕ್ಕು ಸರಿಯಾದ ಅಂಕಿಯಿಟ್ಟು ಕಾಲುದಾರಿ ಬರೆಯುತ್ತಾರೆ, ಬೇಡದ ದಾರಿ ಅಳಿಸುತ್ತಾರೆ. ಅಷ್ಟಕ್ಕೇ ಬಿಡುವುದಿಲ್ಲ. ಮಶೀನು ಎದ್ದಾಗೆಲ್ಲ ಹಿಂಬಾಗಿಲು ಆ ದಾರಿಯನ್ನು ಎಲ್ಲಿಂದ ಕೇಳಿ ತರುತ್ತಿತ್ತೆಂದು ಪತ್ತೆಮಾಡಿ, ಇನ್ನು ಕೇಳದಂತೆ ಕಟ್ಟುಹಾಕುತ್ತಾರೆ.

ಸಂಜೆ ಹರೀಶ್ ಫೋನ್. “ಎರಡನೇ ನಂಬರಿನವ ಬಂದು ರಕ್ತ ಕೊಟ್ಟ. ತಾಯಿ, ಮಗು ಇಬ್ಬರೂ ಆರಾಮ. ನಿಮ್ಮ ಹೆಸರು ಹೇಳ್ಲಾ ಅವ್ರಿಗೆ?”

“ರಕ್ತ ಕೊಟ್ಟವನದ್ದು ಹೇಳು. ನನ್ನ ಕೆಲಸ ಇನ್ನೂ ಮುಗೀಲಿಲ್ಲ. ಪಟ್ಟಿ ಸದ್ಯಕ್ಕೆ ಬೇಡ ಅಲ್ವಾ? ಮತ್ತೆ ಮುಚ್ತದಾ ನೋಡ್ಲಿಕ್ಕೆ ಮಶೀನನ್ನು ಒಮ್ಮೆ ಮಲಗಿಸಿ ಎಬ್ಬಿಸ್ತೇನೆ.”

ಮಲಗಿಸುತ್ತಾರೆ. ಎಬ್ಬಿಸುತ್ತಾರೆ. ಸೂರತ್‌ನಲ್ಲಿ ಪಟ್ಟಿ ತೆರೆಯುತ್ತದೆ.

“ಈಗ ಆಯ್ತು ನೋಡು. ಇನ್ನು ಇದೊಂದಕ್ಕೆ ನೀನು ನಂಗೆ ಫೋನ್ ಮಾಡ್ಬಾರ್ದು. ನಂಗೆ ಬೇಕಾದ್ದು ಅಷ್ಟೇ.”