ನೂಲು ಕಟ್ಟಿದ ಹಾಲೆಮರ

ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆ ಬಂದಿದೆ. ಒಳಗೆ, ಈ ದಿನ ಮನೆಮಂದಿಯೆಲ್ಲ ಬರಿಹೊಟ್ಟೆಗೆ ಕುಡಿಯುವ ಹಾಲೆತೊಗಟೆಯ ಕಷಾಯ ಕುದಿಯುತ್ತಿದೆ. ಆ ಕಹಿ ವಾಸನೆ, ಓದುಗ ಮಿತ್ರರೇ, ಈ ವರ್ಷ ನನಗೆ ಮೊದಲ ಬಾರಿ ಹೆದರಿಕೆ ತಂದಿದೆ.

ಕ್ರಮ ನಿಮಗೂ ಗೊತ್ತಿರಬಹುದು. ಹಿಂದಿನ ಹಗಲು ಮರಕ್ಕೆ ನೂಲು ಕಟ್ಟಿ ಗುರುತಿಡಬೇಕು. ಬೆಳಕು ಹರಿಯುವ ಮುನ್ನ ಹೋಗಿ, ಕಬ್ಬಿಣ ಸೋಕಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ನಮ್ಮ ಗುಡ್ಡದಲ್ಲಿ ಹಾಲೆಯ ಪಕ್ಕದಲ್ಲೇ ವಿಷದ ಕಾಸರಕವೂ ನಿಂತಿದೆ. ಎರಡಕ್ಕೂ ಸಂಸ್ಕೃತದಲ್ಲಿ ನಾಲ್ಕಾರು ಹೆಸರು ಹೇಳಬಲ್ಲ ನನಗೆ ಕತ್ತಲಲ್ಲಿ ನೂಲೇ ಗುರು.

ಮೊಮ್ಮಗಳು ವಸುಧಾ ಮೂಡುಬಿದಿರೆಯ ಪ್ರಯೋಗಶಾಲೆಯೊಂದರಲ್ಲಿ ಮರದ ತೊಗಟೆಯಿಂದ ಹೊಸ ರಾಸಾಯನಿಕಗಳನ್ನು ಬೇರ್ಪಡಿಸಿ ಗುರುತಿಸುವ ಸಂಶೋಧನೆಯಲ್ಲಿದ್ದಾಳೆ. ಹೋದ ವರ್ಷ ತನಗೂ ಒಂದು ಪಾಲು ಬೇಕೆಂದಳು. ಮನೆಯ ಪಾಲನ್ನು ತಂದಿಟ್ಟು, ಕತ್ತಲಿರುವಾಗಲೇ ಮರಳಿ ಹೋದೆ. ಮೊದಲ ಪಾಲಿನೊಂದಿಗೆ ನೂಲೂ ಕಿತ್ತುಬಂದಿದ್ದದ್ದು ನನ್ನ ಗಮನಕ್ಕೆ ಬಂದಿರಲಿಲ್ಲ. ಮಳೆಯಲ್ಲಿ ತಡವಿದೆ, ಪ್ರಾರ್ಥಿಸಿದೆ, ಜಜ್ಜಿದೆ.

ತಿಂಗಳುಗಳ ಬಳಿಕ ಅವಳ ಫೋನು ಬಂತು.

"ಅಜ್ಜ, ಬಿಳಿ ಹರಳು ಸಿಕ್ಕಿದೆ. ಹಾಲೆಯಲ್ಲಿ ಈವರೆಗೆ ಯಾರೂ ಕಾಣದ್ದು ಅಂತ ತೋರ್ತದೆ. ಗುರುತು ಹಿಡಿಯಲಿಕ್ಕೆ ಕಳಿಸಿದ್ದೇವೆ. ಪ್ರಬಂಧದಲ್ಲಿ ನಿಮ್ಮ ಹೆಸರೂ ಹಾಕ್ತೇನೆ."

ಸಂತೋಷಪಡಬೇಕಾದವನು ಸಂಧ್ಯಾವಂದನೆಯಲ್ಲಿ ಮಂತ್ರ ತಪ್ಪಿದೆ. ಆ ಎರಡನೆಯ ಪಾಲು ಯಾವ ಮರದ್ದು? ಹೇಳಿದರೆ ಅವಳ ದುಡಿಮೆ ಹೋಗುತ್ತದೆ. ಹೇಳದಿದ್ದರೆ ಅವಳ ಹೆಸರು. ಮೂರು ದಿನ ಅನ್ನ ರುಚಿಸಲಿಲ್ಲ. ನಾಲ್ಕನೆಯ ದಿನ ಫೋನಿನಲ್ಲಿ ಹೇಳಿಬಿಟ್ಟೆ.

ಅವಳು ವೇಣೂರಿನ ಬಸ್ಸಿನಲ್ಲಿ ಬಂದಿಳಿದಳು.

"ಜಜ್ಜಿದಾಗ ಬಿಳಿ ಹಾಲು ಒಸರಿತ್ತಾ ಅಜ್ಜ? ಕಾಸರಕದಲ್ಲಿ ಹಾಲಿಲ್ಲ."

"ಮಳೆಗೆ ಕೈಯೆಲ್ಲ ಒದ್ದೆ ಮಗಾ. ಹೇಗೆ ಹೇಳಲಿ?"

"ಶ್ಲೋಕದಲ್ಲಿ ಒಂದಕ್ಷರ ತಪ್ಪಿದರೆ ನನ್ನ ಕಿವಿ ಹಿಂಡ್ತಿದ್ದಿರಿ."

"ಈಗ ನನ್ನದು ಹಿಂಡು."

ಗುಡ್ಡ ಹತ್ತಿದೆವು. ಹಾಲೆಯ ಮೇಲೆ ಆ ಸಲದ ಕಲ್ಲಿನ ಗಾಯ ಒಂದೇ. ಇನ್ನೊಂದು ಕಾಸರಕದ ಮೇಲಿತ್ತು.

ವಸುಧಾ ಆ ಗಾಯದ ಮೇಲೆ ಅಂಗೈಯಿಟ್ಟಳು. "ಹಾಗಾದರೆ ಹೊಸತೇನೂ ಅಲ್ಲ, ಹಳೇ ವಿಷವೇ" ಎಂದಳು. ಮತ್ತೆ ಮೆಲ್ಲಗೆ, "ಮೊದಲ ಪಾಲು ನನಗೆ ಕೊಟ್ಟು, ಎರಡನೆಯದ್ದು ಮನೆಗೆ ತಂದಿದ್ದರೆ ಅಜ್ಜ?" ಎಂದು ಕೇಳಿದಳು. ಅವಳು ಅಲ್ಲಿಂದಲೇ ತನ್ನ ಗುರುಗಳಿಗೆ ಫೋನು ಮಾಡಿದಳು.

ಈ ಸಲದ ಅಮಾವಾಸ್ಯೆಗೆ ಅವಳೂ ಜೊತೆಗೆ ಬಂದಳು. ಕಲ್ಲು ಹಿಡಿದವನು ನಾನೇ. ಆದರೆ ಬೆಳಕಾಗುವ ತನಕ ಇಬ್ಬರೂ ಮರದ ಬುಡದಲ್ಲೇ ಕುಳಿತೆವು. ವಸುಧಾ ಹಾಲೆಯ ಗುರುತಾದ, ಸುತ್ತುಸುತ್ತಾಗಿ ಕೂತ ಎಲೆಗಳನ್ನು ನೋಡಿ, ಗಾಯದ ಬಿಳಿ ಹಾಲನ್ನು ನನ್ನ ಬೆರಳಿಗೆ ಹಚ್ಚಿ, "ಈಗ ಮನೆಗೆ ಹೋಗುವ" ಎಂದಳು.

ಕಷಾಯ ಬಂತು. ಹಿಂದೆಲ್ಲ ಮಕ್ಕಳಿಗೆ ಕೊಟ್ಟು ಕೊನೆಗೆ ಕುಡಿಯುತ್ತಿದ್ದವನು ಇಂದು ಮೊದಲ ಲೋಟ ಕೇಳಿ ತೆಗೆದುಕೊಂಡಿದ್ದೇನೆ. ಉಳಿದವರು ಸ್ವಲ್ಪ ಹೊತ್ತು ಕಾಯಲಿ.