‘ಆಂಡ್’ ಎನ್ನುವ ಸುಳ್ಳು

ಪಡೀಲ್‌ನ ನಮ್ಮ ಮನೆಯಲ್ಲಿ ಬಾಗಿಲಿಗೆ ಬಂದವರನ್ನು ಮೊದಲು ಕೇಳುವುದೇ ‘ಒಣಸ್ ಆಂಡಾ?’ ಎಂದು. ತುಳುವಿನಲ್ಲಿ, ಊಟ ಆಯಿತಾ ಅಂತ. ಹೊಟ್ಟೆ ಚುರುಗುಟ್ಟುತ್ತಿದ್ದರೂ ಬಂದವರು ‘ಆಂಡ್’, ಆಯಿತು ಎನ್ನಬೇಕು, ಮನೆಯವರು ಅದನ್ನು ನಂಬದೆ ಎಲೆ ಹಾಕಬೇಕು. ಮೂಗು ಒರೆಸಿಕೊಳ್ಳಲು ಬಾರದ ವಯಸ್ಸಿನಲ್ಲೇ ಕಲಿತಿದ್ದ ಈ ಪಾಠವನ್ನು ನಾನು ಎಂಬತ್ತನೇ ಇಸವಿಯಲ್ಲಿ ಥಾಯ್ಲೆಂಡಿನ ಗಡಿಯಲ್ಲಿ ಮರೆತುಬಿಟ್ಟೆ.

ಆಗ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಮೂರು ತಿಂಗಳ ಸ್ವಯಂಸೇವೆಗೆಂದು ಗೆಳತಿಯೊಬ್ಬಳ ಜೊತೆ ಕಾಂಬೋಡಿಯಾದಿಂದ ಓಡಿಬಂದ ಖ್ಮೇರ್ ನಿರಾಶ್ರಿತರ ಶಿಬಿರಕ್ಕೆ ಹೋದೆ. ಸುತ್ತ ಮುಳ್ಳುತಂತಿ. ಹಿಂದೆ ಯುದ್ಧ, ಮುಂದೆ ಬಂದೂಕು ಹಿಡಿದ ಕಾವಲು. ಸಂಜೆ ನಾಲ್ಕಕ್ಕೆ ನಮ್ಮನ್ನು ವ್ಯಾನಿನಲ್ಲಿ ಹೊರಗೆ ಕಳಿಸಿ ಗೇಟು ಹಾಕುತ್ತಿದ್ದರು. ಹೊರಗೆ ಹೋಗುವ ನನಗೇ ಉಸಿರು ಕಟ್ಟುತ್ತಿತ್ತು, ಒಳಗಿನವರ ಪಾಡೇನು!

ಗಂಜಿ ಬೇಯಿಸುವ ಚಪ್ಪರಕ್ಕೆ ಅಲ್ಲಿನ ಒಬ್ಬ ಅಜ್ಜಿ ಸಹಾಯಕ್ಕೆ ಬರುತ್ತಿದ್ದರು. ಬಾಳೆಲೆಯಲ್ಲಿ ಅಕ್ಕಿ ಸುತ್ತಿ ಮಡಚುವ ತಮ್ಮ ರೀತಿಯನ್ನು ನನಗೆ ಕಲಿಸಿದರು. ನಾನು ಪೇಟೆಯಿಂದ ಒಯ್ದ ಒಣಮೀನು ಸುಟ್ಟು, ಕಾಯಿ ಹಾಕಿ, ನಮ್ಮೂರಿನ ಚಟ್ನಿ ಅರೆದುಕೊಟ್ಟೆ. ಅವರು ರುಚಿಯನ್ನೂ ನೋಡದೆ ಎಲೆಯಲ್ಲಿ ಕಟ್ಟಿ ಗುಡಿಸಲಿಗೆ ಒಯ್ದರು. ಅಷ್ಟು ಇಷ್ಟವಾಯಿತು ಎಂದುಕೊಂಡು ಬೀಗಿದೆ.

ಅವರ ಭಾಷೆಯಲ್ಲೂ ಕುಶಲ ಕೇಳುವುದು ಅನ್ನ ಉಂಡಾಯಿತಾ ಎಂದೇ. ಆ ಒಂದು ವಾಕ್ಯ ಕಲಿತು ದಿನಾ ಕೇಳುತ್ತಿದ್ದೆ. ಅವರು ನಗುತ್ತಾ, ಆಯಿತು ಎನ್ನುತ್ತಿದ್ದರು. ನಾನು ನಂಬುತ್ತಿದ್ದೆ.

ಮೂರನೆಯ ವಾರ ಅಜ್ಜಿ ಒಲೆಯ ಪಕ್ಕದಲ್ಲೇ ಕುಸಿದರು. ದುಭಾಷಿಯಿಂದ ಕೇಳಿಸಿದಾಗ ಗೊತ್ತಾಯಿತು: ತಮ್ಮ ಪಾಲನ್ನೆಲ್ಲ ಬಸುರಿ ಮಗಳಿಗೆ ಕೊಡುತ್ತಿದ್ದರು.

“ನಾನು ದಿನಾ ಕೇಳ್ತಿದ್ದೆ. ಆಯ್ತು ಅಂತಿದ್ರು,” ಎಂದೆ ಗೆಳತಿಗೆ.

“ನೀನೆಂತ ಮಾರಾಯ್ತಿ! ನಮ್ಮಲ್ಲಿ ಯಾರಾದ್ರೂ ಆಗ್ಲಿಲ್ಲ ಅಂತ ಹೇಳುದುಂಟಾ?”

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ನನಗೆ ಬೇಕಾಯಿತು. ನಾಚಿಕೆಯಿಂದ ಸತ್ತುಹೋದೆ.

ಗಂಜಿಯ ಬಟ್ಟಲು ಹಿಡಿದು ಅಜ್ಜಿಯ ಪಕ್ಕ ಕೂತೆ. ಅವರು ಬಾಯಿ ತೆರೆಯಲಿಲ್ಲ. ದೂರದಿಂದ ಬಂದವಳು ನೀನು, ನೀನು ಉಣ್ಣದೆ ನಾನು ಉಣ್ಣುವುದಿಲ್ಲ ಎಂದು ದುಭಾಷಿಯ ಕೈಲಿ ಹೇಳಿಸಿದರು. ಸ್ವಯಂಸೇವಕರು ಶಿಬಿರದ ಅನ್ನ ಮುಟ್ಟಿದರೆ ಪಾಸು ರದ್ದು, ಅದು ಅಲ್ಲಿನ ನಿಯಮ. ಮೇಲ್ವಿಚಾರಕ ಎದುರಿಗೇ ನಿಂತಿದ್ದ. ಅತ್ತ ದರಿ, ಇತ್ತ ಪುಲಿ. ನಿಯಮದ ಮೇಲೆ, ಅಜ್ಜಿಯ ಹಾಳು ಮರ್ಯಾದೆಯ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ ಸಿಟ್ಟು ಬಂತು. ಒಂದು ಚಮಚ ಉಂಡೆ. ಅವರೂ ಒಂದು ಚಮಚ ಉಂಡರು. ಹೀಗೇ ಬಟ್ಟಲು ಖಾಲಿಯಾಯಿತು.

ಮೇಲ್ವಿಚಾರಕ ಕೈ ಚಾಚಿದ. ಕುತ್ತಿಗೆಯ ಪಾಸು ಕಳಚಿ ಕೊಟ್ಟೆ. ಗೆಳತಿಯನ್ನು ಬೇರೆ ಶಿಬಿರಕ್ಕೆ ಹಾಕಿದ್ದರಿಂದ ಅಜ್ಜಿಯ ಸುದ್ದಿ ತರುವವರೂ ಇರಲಿಲ್ಲ. ವಿಮಾನ ಹತ್ತುವ ದಿನದವರೆಗೂ ನಾನು ಪೇಟೆಯ ಕೋಣೆಯೊಂದರಲ್ಲಿ ಗೋಡೆ ನೋಡುತ್ತ ಕೂತಿದ್ದೆ. ಮರುದಿನದಿಂದ ಅಜ್ಜಿಯ ಜೊತೆ ಉಣ್ಣಲು ಯಾರು ಕೂತರೋ, ಯಾರೂ ಕೂರಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.