ತಿನ್ನದ ತುಪ್ಪದ ದೂರು

ಸರ್ವಮಂಗಳಮ್ಮ ತುಪ್ಪ ಬಿಟ್ಟು ಎರಡು ವರ್ಷವಾಗಿತ್ತು. ರಾಯದುರ್ಗದ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಿಷನ್ ತುಳಿಯುವ ಒಣಕಲು ಹೆಂಗಸು ಆಕೆ. ಆರೋಗ್ಯ ಶಿಬಿರದಲ್ಲಿ ಒಮ್ಮೆ ರಕ್ತ ನೋಡಿ ಕೊಲೆಸ್ಟ್ರಾಲ್ ಮುನ್ನೂರ ನಲವತ್ತು ಎಂದಿದ್ದೇ ತಡ, ಎಣ್ಣೆ ಹೋಯಿತು, ಹಬ್ಬದ ಹೋಳಿಗೆ ಹೋಯಿತು, ಕೊನೆಗೆ ಶೇಂಗಾಚಟ್ನಿಯೂ ಹೋಯಿತು. ಅಂಕಿ ಮಾತ್ರ ಹೋಗಲಿಲ್ಲ.

"ಕದ್ದು ತಿಂತಿರಬೇಕು ಬಿಡ್ರಿ," ಎಂದು ಪಕ್ಕದ ಮಿಷನ್ನಿನ ರೇವತಿ ನಕ್ಕಿದ್ದಳು. ಸರ್ವಮಂಗಳಮ್ಮ ತಲೆ ತಗ್ಗಿಸಿ ಮಿಷನ್ ತುಳಿದಳು. ಶಿಬಿರದವರು ಬರೆದುಕೊಟ್ಟ ಗುಳಿಗೆ ಮೂರು ತಿಂಗಳು ನುಂಗಿದಳು, ಅಂಕಿ ಇಳಿಯಿತು. ವಾಸಿಯಾಯಿತೆಂದು ಬಿಟ್ಟಳು. ಮತ್ತೆ ಏರಿತು.

ಅಣ್ಣ ಶಿವಶಂಕರ ಮೂವತ್ತೊಂಬತ್ತಕ್ಕೇ ಎದೆನೋವಿನಿಂದ ಹೋದ ಮೇಲೆ ಆಕೆ ಡಾಕ್ಟರ್ ಹರೀಶ್ ಬಳಿಗೆ ಬಂದಳು. ಅವರು ಚಪ್ಪಲಿ ಬಿಡಿಸಿ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವನ್ನು ಹಿಚುಕಿ ನೋಡಿದರು. ಅಲ್ಲಿ ಗಂಟುಗಂಟಾಗಿ ದಪ್ಪವಾಗಿತ್ತು.

"ಇದು ಯಾವಾಗಿಂದ ಐತಿ?"

"ಮಿಷನ್ ತುಳಿದು ಬಂದಿದ್ದು ಅನ್ಕೊಂಡಿದ್ದೆರಿ."

"ನಿಮ್ಮಪ್ಪಗೂ ಹಿಂಗ ಇತ್ತೇನು?"

"ಇತ್ರಿ. ಅವ್ರು ನಲವತ್ನಾಕಕ್ಕ ಹ್ವಾದ್ರು."

ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡರು. "ಈ ಗಂಟು ಕೊಲೆಸ್ಟ್ರಾಲ್ ಕೂಡಿಕೊಂಡು ಆಗಿದ್ದು. ನೀನು ತಿಂದು ಬಂದಿದ್ದಲ್ಲವ್ವ. ಕೊಲೆಸ್ಟ್ರಾಲ್ ಹೆಚ್ಚುಪಾಲು ಮೈಯೊಳಗ ತಯಾರಾಗ್ತೈತಿ, ಅದರಾಗ ಲಿವರಿನ ಪಾಲು ದೊಡ್ಡದು. ರಕ್ತದಾಗ ಮಿಕ್ಕಿದ್ದನ್ನ ವಾಪಸ್ ಎಳಕೊಳ್ಳೋದೂ ಅದೇ. ನಿಮ್ಮ ಮನೆತನದಾಗ ಆ ಎಳಕೊಳ್ಳೋ ಶಕ್ತಿ ಹುಟ್ಟಿನಿಂದನ ಕಮ್ಮಿ."

"ಮತ್ತ ಗುಳಿಗಿ ಏನ್ ಮಾಡ್ತೈತ್ರಿ?"

"ಲಿವರ್ ಕೊಲೆಸ್ಟ್ರಾಲ್ ತಯಾರಿಸೋದನ್ನ ತಡೀತೈತಿ. ತನಗ ಕೊರತೆ ಬಿತ್ತು ಅಂತ ಲಿವರ್ ರಕ್ತದಾಗಿರೋದನ್ನ ಜಾಸ್ತಿ ಎಳಕೊಳ್ತೈತಿ. ನೀನು ಬಿಟ್ಟೀ ಅಂದ್ರ ಅದು ತಿರುಗಿ ಮೊದಲಿನಂಗ. ದಿನಾ ತಗೋಬೇಕು, ಇರೋತನಕ."

ಸರ್ವಮಂಗಳಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಇರೋತನಕ ಎಂಬ ಮಾತಿಗಲ್ಲ. ಎರಡು ವರ್ಷ ಒಣರೊಟ್ಟಿ ತಿಂದು, ತಪ್ಪು ತನ್ನದೇ ಎಂದು ನಂಬಿ ಬದುಕಿದ್ದಕ್ಕೆ.

ಗುಳಿಗೆ ಶುರುವಾಯಿತು. ತಿಂಗಳೊಳಗೆ ತೊಡೆಗಳಲ್ಲಿ ನೋವು. ಗುಳಿಗೆಯದೋ ಮಿಷನ್ನಿನದೋ ಹೇಳುವವರಿಲ್ಲ. ಈ ಸಲ ಆಕೆ ತಾನೇ ಬಿಡಲಿಲ್ಲ, ಡಾಕ್ಟರ ಹತ್ತಿರ ಹೋದಳು. ಅವರು ಮತ್ತೊಮ್ಮೆ ರಕ್ತ ನೋಡಿ, ಆ ಗುಳಿಗೆಯನ್ನು ಅರ್ಧಕ್ಕಿಳಿಸಿ, ಕರುಳು ಕೊಲೆಸ್ಟ್ರಾಲ್ ಹೀರದಂತೆ ತಡೆಯುವ ಇನ್ನೊಂದನ್ನು ಜೊತೆಗೆ ಕೊಟ್ಟರು. ನೋವು ಪೂರ್ತಿ ಹೋಗಲಿಲ್ಲ, ಕೂತು ತುಳಿಯುವಷ್ಟಾಯಿತು.

ಮಗಳು ವಿದ್ಯಾಶ್ರೀಯ ರಕ್ತವನ್ನೂ ನೋಡಬೇಕೆಂದು ಡಾಕ್ಟರು ಹೇಳಿದ್ದರು. ಹತ್ತೊಂಬತ್ತರ ಹುಡುಗಿ. ಆಕೆಯದೂ ಮುನ್ನೂರು ದಾಟಿತ್ತು.

"ಈಗಿಂದ ಗುಳಿಗಿ ಶುರು ಮಾಡಿದ್ರ ನಿನ್ನ ಮಾವನಂಗ ಆಗೋದು ತಪ್ಪಿಸಬಹುದು," ಎಂದರು ಡಾಕ್ಟರು ಹುಡುಗಿಗೆ. "ಆದ್ರ ಮದುವಿ ಆದ ಮೇಲೆ, ಮಗು ಬೇಕು ಅನ್ನೋದಕ್ಕಿಂತ ಮೊದಲು ನನಗ ಹೇಳಬೇಕು. ಆಗಿಂದ ಕೂಸು ಹಾಲು ಬಿಡೋತನಕ ಗುಳಿಗಿ ನಿಲ್ಲಿಸಬೇಕಾಗ್ತೈತಿ."

ದಾರಿಯಲ್ಲಿ ತಾಯಿ ತಗ್ಗಿದ ದನಿಯಲ್ಲಿ, "ಬೆಳುಗುಪ್ಪದವರು ಹೆಣ್ಣು ನೋಡಾಕ ಬರ್ತಾರ. ಇದನ್ನೆಲ್ಲ ಬಾಯಿ ಬಿಡಬ್ಯಾಡ," ಎಂದಳು.

"ಯಾಕ ಬಿಡಬಾರದವ್ವ? ಮಾವ ಎದಿನೋವು ಬರ್ತೈತಿ ಅಂತ ಹೇಳಿದ್ದಿಲ್ಲ, ಅತ್ತಿಗೂ ಗೊತ್ತಿದ್ದಿಲ್ಲ. ಏನಾತು?"

ಸರ್ವಮಂಗಳಮ್ಮ ನಿಂತುಬಿಟ್ಟಳು. ಅಣ್ಣನನ್ನು ಕಳೆದುಕೊಂಡ ಅತ್ತಿಗೆಯ ಬೋಳು ಹಣೆ ಕಣ್ಣಿಗೆ ಬಂತು. ಮಗಳ ಕೈ ಹಿಡಿದು ಮನೆಯತ್ತ ನಡೆದಳು.

ಬೆಳುಗುಪ್ಪದವರು ಭಾನುವಾರ ಬಂದರು. ವಿದ್ಯಾಶ್ರೀ ಚಹಾ ಕೊಟ್ಟು ಎಲ್ಲವನ್ನೂ ತಾನೇ ಹೇಳಿದಳು. ಅವರು ಯೋಚಿಸಿ ಹೇಳುತ್ತೇವೆಂದು ಎದ್ದರು, ತಿಂಗಳಾದರೂ ಹೇಳಲಿಲ್ಲ. ಸರ್ವಮಂಗಳಮ್ಮ ಕಾಯುವುದನ್ನು ಬಿಟ್ಟು, ರಕ್ತ ನೋಡಿಸಲು ಅತ್ತಿಗೆಯ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಡಾಕ್ಟರ ಬಾಗಿಲಲ್ಲಿ ಪಾಳಿ ಕಾಯುತ್ತ ಕೂತಳು.